ಅಪಾಯಕಾರಿ ಸರಕಿನ ಶಿಪ್ಪಿಂಗ್ ಪೇಪರ್: ಒಂದೊಂದು ಪದಕ್ಕೂ ಕಾರಣವಿದೆ

ಅಮೆರಿಕದ ಹೆದ್ದಾರಿಯಲ್ಲಿ ಆ್ಯಸಿಡ್ ಹೊತ್ತು ಹೊರಟ ಟ್ರಕ್ಕಿನ ಕಾಗದಪತ್ರ ತೆಗೆದು ನೋಡಿದರೆ ಇಂಥದೊಂದು ಸಾಲು ಸಿಗುತ್ತದೆ:

12 ಡ್ರಮ್, ಯುಎನ್ 1830, ಸಲ್ಫ್ಯೂರಿಕ್ ಆ್ಯಸಿಡ್, 8, ಪಿಜಿ 2, 4,500 ಕೆ.ಜಿ.

(ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ. ಅಸಲಿ ಕಾಗದದಲ್ಲಿ ಇದು ಇಂಗ್ಲಿಷಿನಲ್ಲೇ ಇರಬೇಕು, ಪಿಜಿ ಮುಂದಿನ ಅಂಕಿ ರೋಮನ್ ಅಂಕಿಯಾಗಿರುತ್ತದೆ.)

ನೋಡಲು ಸಾದಾ ಸಾಲು. ಆದರೆ ಇದರಲ್ಲಿ ಬರೆದವರು ತಮ್ಮಿಷ್ಟದಂತೆ ಆರಿಸಿಕೊಂಡದ್ದು ಹೆಚ್ಚೇನೂ ಇಲ್ಲ. ಯಾವುದು ಮೊದಲು ಬರಬೇಕು, ಯಾವುದು ಆಮೇಲೆ, ನಡುವೆ ಏನನ್ನು ತುರುಕಬಾರದು, ಈ ಹಾಳೆ ಟ್ರಕ್ಕಿನೊಳಗೆ ಯಾವ ಜಾಗದಲ್ಲಿರಬೇಕು, ಎಷ್ಟು ವರ್ಷ ಜೋಪಾನ ಮಾಡಬೇಕು ಎಂಬುದನ್ನೆಲ್ಲ ಫೆಡರಲ್ ನಿಯಮಾವಳಿಯ 49ನೇ ಶೀರ್ಷಿಕೆ ಗೊತ್ತುಮಾಡಿದೆ. ಕಾಗದದಲ್ಲಿ ಏನಿರಬೇಕೆಂಬುದು ಅದರ 172ನೇ ಭಾಗದಲ್ಲಿದೆ. ಹೆದ್ದಾರಿ, ರೈಲು, ವಿಮಾನ, ಹಡಗುಗಳಿಗೆ ಬೇರೆ ಬೇರೆ ಭಾಗಗಳಿವೆ. ಇವನ್ನು ನೋಡಿಕೊಳ್ಳುವುದು ಸಾರಿಗೆ ಇಲಾಖೆಯ ಅಡಿಯಲ್ಲಿರುವ ಪಿಎಚ್‌ಎಂಎಸ್‌ಎ ಎಂಬ ಸಂಸ್ಥೆ.

ನಿಯಮಾವಳಿ ಓದಲು ಕೂತರೆ ತಲೆ ಸುತ್ತುತ್ತದೆ ಎಂಬುದು ನಿಜ. ಒಂದು ವಿನಾಯಿತಿ ಇನ್ನೊಂದು ಕಲಮಿಗೆ ಕಳಿಸುತ್ತದೆ, ಆ ಕಲಮು ಮತ್ತೊಂದು ಕೋಷ್ಟಕಕ್ಕೆ. ಆದರೆ ಈ ಕಾಗದವನ್ನು ಯಾರು ಓದಲೆಂದು ಬರೆಸುತ್ತಾರೆ ಎಂಬುದೊಂದು ಮನಸ್ಸಿನಲ್ಲಿದ್ದರೆ ಮುಕ್ಕಾಲು ಪಾಲು ನಿಯಮಗಳು ತಾವಾಗಿ ಅರ್ಥವಾಗುತ್ತವೆ. ಮಾಲು ಕೊಳ್ಳುವವರು ಇದರ ಮುಖ್ಯ ಓದುಗರಲ್ಲ. ಲೆಕ್ಕ ಬರೆಯುವವರೂ ಅಲ್ಲ. ಟ್ರಕ್ಕು ಮಗುಚಿಕೊಂಡು, ಚಾಲಕ ಮಾತಾಡುವ ಸ್ಥಿತಿಯಲ್ಲಿಲ್ಲದೆ, ಹಿಂದಿನಿಂದ ಹೊಗೆಯೋ ಆವಿಯೋ ಏಳುತ್ತಿರುವಾಗ ಸ್ಥಳಕ್ಕೆ ಬಂದಿಳಿಯುವ ಅಗ್ನಿಶಾಮಕ ಸಿಬ್ಬಂದಿ ಇದರ ಓದುಗರು. ಕೇಳೋಣವೆಂದರೆ ಅವರಿಗೆ ಅಲ್ಲಿ ಬೇರೆ ಯಾರೂ ಇಲ್ಲ. ನೀರು ಹಾಯಿಸಬೇಕೋ ಬೇಡವೋ, ಊರವರನ್ನು ಎಷ್ಟು ದೂರ ಕಳಿಸಬೇಕು, ಗಾಯಾಳುವಿನ ಮೈಮೇಲೆ ಬಿದ್ದದ್ದು ಏನು ಎಂಬುದನ್ನು ಕೆಲವೇ ನಿಮಿಷಗಳಲ್ಲಿ ಈ ಹಾಳೆಯಿಂದ ತಿಳಿಯಬೇಕು.

ಸಾಲನ್ನು ಬಿಡಿಸಿ ನೋಡಿದರೆ

ಮೊದಲು ಯುಎನ್ 1830. ಇದು ಗುರುತಿನ ಸಂಖ್ಯೆ. ವಿಶ್ವಸಂಸ್ಥೆಯ ತಜ್ಞರ ಸಮಿತಿ 1956ರಲ್ಲಿ ಮೊದಲ ಬಾರಿ ಪ್ರಕಟಿಸಿದ ಶಿಫಾರಸುಗಳು ಇಂದಿಗೂ ಎರಡು ವರ್ಷಕ್ಕೊಮ್ಮೆ ಪರಿಷ್ಕಾರವಾಗುತ್ತ ಬಂದಿವೆ. ನಾಲ್ಕಂಕಿಯ ಈ ಸಂಖ್ಯೆಗಳು ಆ ವ್ಯವಸ್ಥೆಯವು. ಪೆಟ್ರೋಲಿಗೆ 1203, ಕ್ಲೋರಿನ್‌ಗೆ 1017, ಬಣ್ಣಕ್ಕೆ 1263, ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗೆ 3480. ಯಾವ ದೇಶದಿಂದ ಬಂದ ಸರಕಾದರೂ ಸಂಖ್ಯೆ ಅದೇ. ಎನ್‌ಎ ಎಂದು ಶುರುವಾಗುವ ಕೆಲವು ಸಂಖ್ಯೆಗಳೂ ಇವೆ, ಅವು ಉತ್ತರ ಅಮೆರಿಕದೊಳಗಿನ ಸಾಗಣೆಗೆ ಮಾತ್ರ.

ಹಿಂದೆ ಹೆಸರನ್ನು ಮೊದಲು, ಸಂಖ್ಯೆಯನ್ನು ಆಮೇಲೆ ಬರೆಯಲೂ ಅವಕಾಶವಿತ್ತು. 2013ರ ಜನವರಿ 1ರಿಂದ ಸಂಖ್ಯೆಯೇ ಮೊದಲು ಬರಬೇಕು. ಇದರ ಹಿಂದಿನ ಕಾರಣ ಸರಳ. ರಾಸಾಯನಿಕದ ಹೆಸರು ಉದ್ದವಿರುತ್ತದೆ, ಓದುವಾಗ ನಾಲಿಗೆ ತೊಡರುತ್ತದೆ, ವಾಕಿಟಾಕಿಯಲ್ಲಿ ಹೇಳಿದರೆ ಆಚೆ ಬದಿಗೆ ಇನ್ನೊಂದೇ ಕೇಳಿಸಬಹುದು. ನಾಲ್ಕು ಅಂಕಿ ಹಾಗಲ್ಲ. ಅಮೆರಿಕ, ಕೆನಡಾ, ಮೆಕ್ಸಿಕೊ ಸೇರಿ ತರುವ ತುರ್ತು ಕೈಪಿಡಿಯಲ್ಲಿ ಹಳದಿ ಅಂಚಿನ ಪುಟಗಳೆಲ್ಲ ಈ ಸಂಖ್ಯೆಗಳ ಏರಿಕೆ ಕ್ರಮದಲ್ಲೇ ಇವೆ. 1830 ಹುಡುಕಿದರೆ 137ನೇ ಮಾರ್ಗಸೂಚಿಗೆ ಹೋಗಿ ಎನ್ನುತ್ತದೆ. ಕಿತ್ತಳೆ ಅಂಚಿನ ಪುಟಗಳಲ್ಲಿರುವ ಆ ಮಾರ್ಗಸೂಚಿ ನೀರಿನೊಡನೆ ವರ್ತಿಸುವ, ಮೈ ಸುಡುವ ವಸ್ತುಗಳದು. ಗಾಢ ಸಲ್ಫ್ಯೂರಿಕ್ ಆ್ಯಸಿಡ್‌ಗೆ ನೀರು ಬಿದ್ದರೆ ಭಾರಿ ಶಾಖ ಹುಟ್ಟಿ ಆ್ಯಸಿಡ್ ಸಿಡಿಯುತ್ತದೆ. ಹೈಡ್ರೋಕ್ಲೋರಿಕ್ ಆ್ಯಸಿಡ್ ಆಗಿದ್ದರೆ ಸಂಖ್ಯೆ 1789, ಮಾರ್ಗಸೂಚಿ 157, ಸಲಹೆಯೂ ಬೇರೆ. ಎರಡೂ 8ನೇ ವರ್ಗದವೇ. ಕಾಗದದಲ್ಲಿ ಬರೀ ಆ್ಯಸಿಡ್ ಎಂದಿದ್ದರೆ ಪೈಪು ಹಿಡಿದು ನಿಂತವರಿಗೆ ಏನೂ ತಿಳಿಯುತ್ತಿರಲಿಲ್ಲ.

ಸಂಖ್ಯೆಯ ನಂತರ ಅಧಿಕೃತ ಸಾಗಣೆ ಹೆಸರು. ಕಂಪನಿ ಡಬ್ಬದ ಮೇಲೆ ಅಚ್ಚು ಹಾಕಿಸಿದ ಬ್ರ್ಯಾಂಡ್ ಹೆಸರು ಇಲ್ಲಿ ನಡೆಯುವುದಿಲ್ಲ, ಉದ್ಯಮದವರ ಆಡುಮಾತಿನ ಹೆಸರೂ ನಡೆಯುವುದಿಲ್ಲ. 172.101ನೇ ಕಲಮಿನಲ್ಲಿರುವ ದೊಡ್ಡ ಕೋಷ್ಟಕದಿಂದಲೇ ಹೆಸರು ಎತ್ತಿಕೊಳ್ಳಬೇಕು. ಕೋಷ್ಟಕದಲ್ಲಿ ನಿಮ್ಮ ವಸ್ತುವಿನ ಹೆಸರೇ ಇಲ್ಲದಿದ್ದರೆ ಎನ್‌ಒಎಸ್ ಎಂದು ಕೊನೆಯಾಗುವ ಸಾಮಾನ್ಯ ಹೆಸರುಗಳಿವೆ: ಬೇರೆಲ್ಲೂ ಪ್ರತ್ಯೇಕವಾಗಿ ಹೆಸರಿಸದ ಉರಿಯುವ ದ್ರವ, ಯುಎನ್ 1993, ಅಂತ. ಆದರೆ ಅಷ್ಟಕ್ಕೇ ಬಿಡುವಂತಿಲ್ಲ. ಉರಿಯುವ ದ್ರವ ಎಂದ ಮಾತ್ರಕ್ಕೆ ಒಳಗಿರುವುದು ಏನೆಂದು ಗೊತ್ತಾಗಲಿಲ್ಲವಲ್ಲ. ಹಾಗಾಗಿ ಇಂಥ ಹೆಸರುಗಳ ಜೊತೆ ಆವರಣದಲ್ಲಿ ಅಸಲಿ ರಾಸಾಯನಿಕದ ಹೆಸರು ಬರಬೇಕು. ಮಿಶ್ರಣವಾದರೆ ಅಪಾಯಕ್ಕೆ ಮುಖ್ಯ ಕಾರಣವಾದ ಕನಿಷ್ಠ ಎರಡು ಘಟಕಗಳು, ಉದಾಹರಣೆಗೆ ಝೈಲೀನ್ ಮತ್ತು ಬೆಂಝೀನ್. ನನ್ನ ದೃಷ್ಟಿಯಲ್ಲಿ ಕಾಗದ ತಯಾರಿಸುವವರು ಅತಿ ಹೆಚ್ಚು ಎಚ್ಚರ ವಹಿಸಬೇಕಾದದ್ದು ಇಲ್ಲೇ. ಸುಲಭಕ್ಕೆ ಸಿಗುವ ಸಾಮಾನ್ಯ ಹೆಸರು ಹಾಕಿ ಮುಗಿಸುವ ಆಸೆ ಸಹಜ. ಆದರೆ ಕೋಷ್ಟಕದಲ್ಲಿ ವಸ್ತುವಿನದೇ ಹೆಸರು ಇದ್ದರೆ ಅದನ್ನೇ ಬಳಸಬೇಕು.

ಮೂರನೆಯದು ವರ್ಗ. ಒಂಬತ್ತು ವರ್ಗಗಳು: 1 ಸ್ಫೋಟಕ, 2 ಅನಿಲ, 3 ಉರಿಯುವ ದ್ರವ, 4 ಉರಿಯುವ ಘನವಸ್ತು ಮತ್ತು ತಾನಾಗಿ ಹೊತ್ತಿಕೊಳ್ಳುವ ಇಲ್ಲವೇ ನೀರು ಸೋಕಿದರೆ ಉರಿಯುವ ವಸ್ತು, 5 ಆಕ್ಸಿಡೈಸರ್ (ಬೆಂಕಿಗೆ ಆಮ್ಲಜನಕ ಒದಗಿಸುವ ವಸ್ತು) ಮತ್ತು ಸಾವಯವ ಪೆರಾಕ್ಸೈಡ್, 6 ವಿಷ ಮತ್ತು ಸೋಂಕುಕಾರಕ, 7 ವಿಕಿರಣಶೀಲ, 8 ಮೈಯನ್ನೂ ಲೋಹವನ್ನೂ ತಿನ್ನುವ ವಸ್ತು, 9 ಇವುಗಳಲ್ಲಿ ಯಾವುದಕ್ಕೂ ಸೇರದ ಇತರೆ ಅಪಾಯಗಳು. ಒಂದೇ ವಸ್ತುವಿಗೆ ಎರಡು ಮೂರು ಗುಣಗಳಿದ್ದರೆ ಮುಖ್ಯ ಅಪಾಯ ಮೊದಲು, ಉಳಿದವು ಆವರಣದಲ್ಲಿ. ಕ್ಲೋರಿನ್‌ನ ವರ್ಗ 2.3 (5.1, 8) ಎಂದಿರುತ್ತದೆ: ವಿಷಾನಿಲ, ಜೊತೆಗೆ ಆಕ್ಸಿಡೈಸರ್, ಜೊತೆಗೆ ತಿನ್ನುವ ಗುಣ. ಉಸಿರಿನ ಮೂಲಕ ಪ್ರಾಣ ತೆಗೆಯುವಂಥ ವಸ್ತುವಾದ್ದರಿಂದ ಉಸಿರಾಟದ ಅಪಾಯವಿದೆ ಎಂಬ ಮಾತೂ, ಅದರ ತೀವ್ರತೆಯ ವಲಯವೂ ಕಾಗದದಲ್ಲಿ ಸೇರಬೇಕು. ಕ್ಲೋರಿನ್‌ನದು ಬಿ ವಲಯ.

ಇಲ್ಲೊಂದು ವಿಚಿತ್ರವೂ ಇದೆ. ಹೊಲಕ್ಕೆ ಗೊಬ್ಬರವಾಗಿಯೂ ಬಳಕೆಯಾಗುವ ನಿರ್ಜಲ ಅಮೋನಿಯಾ, ಯುಎನ್ 1005, ಅಂತರರಾಷ್ಟ್ರೀಯ ಸಾಗಣೆಯಲ್ಲಿ ವಿಷಾನಿಲಗಳ 2.3ನೇ ವಿಭಾಗಕ್ಕೆ ಸೇರಿದೆ. ಅಮೆರಿಕದ ಒಳಗೇ ಓಡಾಡುವಾಗ ಅದೇ ಅನಿಲ 2.2, ಅಂದರೆ ಉರಿಯದ, ವಿಷವಲ್ಲದ ಅನಿಲಗಳ ಸಾಲಿನಲ್ಲಿ ಕೂರುತ್ತದೆ. ಜೊತೆಗೆ ಉಸಿರಾಟದ ಅಪಾಯ ಎಂಬ ಮಾತು ಬರೆಯುವುದು ಕಡ್ಡಾಯ. ಗಂಟಲಿಗೆ ಹೋದ ಅಮೋನಿಯಾಕ್ಕೆ ದೇಶದ ಗಡಿ ಗೊತ್ತಿಲ್ಲ. ಈ ವ್ಯತ್ಯಾಸ ನನಗೆ ಸರಿಕಾಣುವುದಿಲ್ಲ. ಆದರೆ ನಿಯಮ ಹಾಗಿರುವವರೆಗೆ ಆ ಹೆಚ್ಚುವರಿ ಮಾತೇ ಓದುಗರನ್ನು ಎಚ್ಚರಿಸಬೇಕು, ಅದನ್ನು ಬಿಟ್ಟರೆ 2.2 ಎಂಬ ಅಂಕಿ ದಾರಿ ತಪ್ಪಿಸುತ್ತದೆ.

ಪ್ಯಾಕಿಂಗ್ ಗ್ರೂಪ್ ಎಂಬ ಸಣ್ಣ ಅಂಕಿ

ಸಾಲಿನಲ್ಲಿ ಅತಿ ಚಿಕ್ಕದು ಪಿಜಿ. ಒಂದು ಎಂದರೆ ಹೆಚ್ಚು ಅಪಾಯ, ಎರಡು ಮಧ್ಯಮ, ಮೂರು ಕಡಿಮೆ. ಸರಕನ್ನು ಎಷ್ಟು ಗಟ್ಟಿಮುಟ್ಟಾದ ಪೀಪಾಯಿಗೆ ತುಂಬಬೇಕು ಎಂಬುದು ಇದರ ಮೇಲೆ ನಿಂತಿದೆ. ಅಳೆಯುವ ಬಗೆ ವರ್ಗದಿಂದ ವರ್ಗಕ್ಕೆ ಬೇರೆ. 8ನೇ ವರ್ಗದಲ್ಲಿ ಚರ್ಮದ ಲೆಕ್ಕ: ಮೂರು ನಿಮಿಷದೊಳಗಿನ ಸ್ಪರ್ಶಕ್ಕೇ ಚರ್ಮದ ಪೂರ್ತಿ ದಪ್ಪ ನಾಶವಾದರೆ ಒಂದನೇ ಗ್ರೂಪ್, ಮೂರು ನಿಮಿಷ ದಾಟಿ ಅರವತ್ತು ನಿಮಿಷದೊಳಗಾದರೆ ಎರಡು, ಅರವತ್ತು ನಿಮಿಷ ದಾಟಿ ನಾಲ್ಕು ಗಂಟೆಯೊಳಗಾದರೆ ಮೂರು. 3ನೇ ವರ್ಗದಲ್ಲಿ ದ್ರವದ ಆವಿ ಎಷ್ಟು ಕಡಿಮೆ ತಾಪಮಾನದಲ್ಲಿ ಕಿಡಿ ಹಿಡಿಯುತ್ತದೆ, ದ್ರವ ಯಾವಾಗ ಕುದಿಯಲು ಶುರುವಾಗುತ್ತದೆ ಎಂಬ ಲೆಕ್ಕ: 35 ಡಿಗ್ರಿ ಸೆಲ್ಸಿಯಸ್ಸಿನೊಳಗೇ ಕುದಿಯತೊಡಗಿದರೆ ಒಂದು, ಕುದಿಯುವುದು ಅದಕ್ಕೂ ಮೇಲೆ, ಆದರೆ ಕಿಡಿ ಹಿಡಿಯುವುದು 23 ಡಿಗ್ರಿಗಿಂತ ಕೆಳಗೆ ಆದರೆ ಎರಡು, 23ರಿಂದ 60ರವರೆಗೆ ಮೂರು. ಅನಿಲ, ಸ್ಫೋಟಕ, ವಿಕಿರಣಶೀಲ ವಸ್ತುಗಳಿಗೆ ಪ್ಯಾಕಿಂಗ್ ಗ್ರೂಪ್ ಇಲ್ಲ. ಅವುಗಳ ಪ್ಯಾಕಿಂಗ್‌ಗೆ ಬೇರೆಯದೇ ನಿಯಮಗಳು.

ಈ ಅಂಕಿ ತಪ್ಪಾದರೆ ಏನು ಎಂಬುದಕ್ಕೆ ಗಡಿಯಾಚೆ ಕೆನಡಾದ ಲಾಕ್ ಮೆಗಾಂಟಿಕ್ ಪಟ್ಟಣದತ್ತ ನೋಡಬೇಕು. 2013ರ ಜುಲೈ 6ರ ನಸುಕಿನಲ್ಲಿ ಅಮೆರಿಕದ ನಾರ್ತ್ ಡಕೋಟಾದಿಂದ ಕಚ್ಚಾತೈಲ ತುಂಬಿಕೊಂಡು ಬಂದಿದ್ದ, ಸಿಬ್ಬಂದಿಯಿಲ್ಲದೆ ನಿಲ್ಲಿಸಿದ್ದ ರೈಲು ಇಳಿಜಾರಿನಲ್ಲಿ ತಾನಾಗಿ ಉರುಳಿ ಪಟ್ಟಣದ ನಡುವೆ ಹಳಿ ತಪ್ಪಿತು. 47 ಜನ ಸತ್ತರು. ರೈಲು ಉರುಳಿದ್ದಕ್ಕೂ ಕಾಗದಕ್ಕೂ ಸಂಬಂಧವಿಲ್ಲ, ಅದು ಬ್ರೇಕಿನ ಕಥೆ. ಆದರೆ ಕೆನಡಾದ ಸಾರಿಗೆ ಸುರಕ್ಷತಾ ಮಂಡಳಿ ತೈಲದ ಮಾದರಿಗಳನ್ನು ಪರೀಕ್ಷಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಕಾಗದದಲ್ಲಿ ಅದು ಮೂರನೇ ಪ್ಯಾಕಿಂಗ್ ಗ್ರೂಪ್, ಅಂದರೆ ಅತಿ ಕಡಿಮೆ ಅಪಾಯದ್ದು. ತೈಲದ ಗುಣವೋ ಎರಡನೇ ಗ್ರೂಪಿನದು. ಕಚ್ಚಾತೈಲವೆಂದರೆ ನಿಧಾನಕ್ಕೆ ಹೊತ್ತಿಕೊಳ್ಳುವ ಮಂದ ದ್ರವ ಎಂಬ ಹಳೆಯ ಅಂದಾಜಿಗೆ ಈ ತೈಲ ಹೊಂದುತ್ತಿರಲಿಲ್ಲ; ಪೆಟ್ರೋಲಿನಷ್ಟೇ ಚುರುಕಾಗಿ ಕಿಡಿ ಹಿಡಿಯುವಂಥದು. ವರ್ಗೀಕರಣ ಎಂಬುದು ಹೋದ ಸಲದ ಕಾಗದ ನೋಡಿ ನಕಲು ಮಾಡುವ ಕೆಲಸವಲ್ಲ, ವಸ್ತುವನ್ನು ಪರೀಕ್ಷಿಸಿ ನಿರ್ಧರಿಸಬೇಕಾದದ್ದು.

ನಾಲ್ಕು ಅಂಶಗಳೂ ಇದೇ ಕ್ರಮದಲ್ಲಿ, ನಡುವೆ ಬೇರೇನೂ ನುಸುಳದಂತೆ ಇರಬೇಕು. ಪ್ರಮಾಣವೂ ಡ್ರಮ್ಮುಗಳ ಎಣಿಕೆಯೂ ಇದರ ಹಿಂದೆ ಅಥವಾ ಮುಂದೆ ಬರಬಹುದು. ಒಂದೇ ಹಾಳೆಯಲ್ಲಿ ಅಪಾಯಕಾರಿಯಲ್ಲದ ಸರಕೂ ಇದ್ದರೆ ಅಪಾಯಕಾರಿಯನ್ನು ಎದ್ದು ಕಾಣಿಸುವ ದಾರಿ ಮೂರು: ಅದನ್ನೇ ಮೊದಲು ಬರೆಯುವುದು, ಬೇರೆ ಬಣ್ಣದಲ್ಲಿ ಬರೆಯುವುದು, ಇಲ್ಲವೇ ಎಚ್‌ಎಂ ಎಂಬ ಅಂಕಣದಲ್ಲಿ ಎಕ್ಸ್ ಗುರುತು ಹಾಕುವುದು. ಹೆಸರನ್ನು ಮೊಟಕು ಮಾಡುವಂತಿಲ್ಲ, ಒಳಗಿನವರಿಗಷ್ಟೇ ತಿಳಿಯುವ ಕೋಡ್ ಬಳಸುವಂತಿಲ್ಲ. ಹಾಳೆ ಒಂದಕ್ಕಿಂತ ಹೆಚ್ಚಿದ್ದರೆ ಮೊದಲ ಹಾಳೆಯಲ್ಲಿ ಒಟ್ಟು ಎಷ್ಟು ಎಂದು ಹೇಳಬೇಕು, ಮಿಕ್ಕವಕ್ಕೆ ಪುಟಸಂಖ್ಯೆ ಹಾಕಬೇಕು.

ಎಕ್ಸ್ ಜಾಗದಲ್ಲಿ ಕೆಲವೊಮ್ಮೆ ಆರ್‌ಕ್ಯೂ ಎಂದು ಕಾಣುತ್ತದೆ. ಚೆಲ್ಲಿದರೆ ಸರ್ಕಾರಕ್ಕೆ ವರದಿ ಮಾಡಲೇಬೇಕಾದಷ್ಟು ಪ್ರಮಾಣ ಒಂದೇ ಪ್ಯಾಕೇಜಿನಲ್ಲಿದೆ ಎಂಬುದರ ಸೂಚನೆ ಅದು. ಸಲ್ಫ್ಯೂರಿಕ್ ಆ್ಯಸಿಡ್‌ಗೆ ಈ ಮಿತಿ 1,000 ಪೌಂಡ್, ಅಂದರೆ 454 ಕೆ.ಜಿ. ನಮ್ಮ ಉದಾಹರಣೆಯ ಡ್ರಮ್ಮನ್ನೇ ತಗೊಳ್ಳಿ: 208 ಲೀಟರ್ ಹಿಡಿಯುವ ಡ್ರಮ್ಮಿನಲ್ಲಿ ಗಾಢ ಆ್ಯಸಿಡ್ ಸುಮಾರು 375 ಕೆ.ಜಿ. ತೂಗುತ್ತದೆ. ಮಿತಿಗಿಂತ ಕೆಳಗೆ, ಆದ್ದರಿಂದ ಹನ್ನೆರಡು ಡ್ರಮ್ ಸೇರಿ ನಾಲ್ಕೂವರೆ ಟನ್ ಆದರೂ ಆರ್‌ಕ್ಯೂ ಬರುವುದಿಲ್ಲ. ಅದೇ ಆ್ಯಸಿಡ್ಡನ್ನು 1,000 ಲೀಟರಿನ ಚೌಕ ಟ್ಯಾಂಕಿಗೆ ತುಂಬಿದರೆ ಒಂದು ಟ್ಯಾಂಕಿನಲ್ಲೇ 1,800 ಕೆ.ಜಿ. ದಾಟುತ್ತದೆ, ಆಗ ಬರೆಯಲೇಬೇಕು. ಒಟ್ಟು ಸರಕನ್ನು ನೋಡಿ ಲೆಕ್ಕ ಹಾಕುವವರು ಎಡವುವುದು ಇಲ್ಲಿ. ಲೆಕ್ಕ ಪ್ಯಾಕೇಜಿಗೊಂದರಂತೆ.

ಖಾಲಿ ಎಂದು ಬರೆದ ಪೆಟ್ಟಿಗೆಗಳು

1996ರ ಮೇ 11ರಂದು ಮಯಾಮಿಯಿಂದ ಅಟ್ಲಾಂಟಾಕ್ಕೆ ಹೊರಟ ವ್ಯಾಲ್ಯೂಜೆಟ್ 592 ವಿಮಾನ ಮೇಲೆದ್ದ ಹತ್ತು ನಿಮಿಷದ ಆಸುಪಾಸಿನಲ್ಲಿ ಎವರ್‌ಗ್ಲೇಡ್ಸ್ ಜೌಗಿಗೆ ಬಿತ್ತು. ಒಳಗಿದ್ದ 110 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಸರಕಿನ ಗೂಡಿನಲ್ಲಿ ವಿಮಾನದ ಟೈರುಗಳ ಜೊತೆ ಐದು ರಟ್ಟಿನ ಪೆಟ್ಟಿಗೆಗಳಿದ್ದವು. ಕಾಗದದಲ್ಲಿ ಅವುಗಳ ವಿವರ: ಆಕ್ಸಿ ಕ್ಯಾನಿಸ್ಟರ್, ಖಾಲಿ.

ಒಳಗಿದ್ದದ್ದು ರಾಸಾಯನಿಕ ಆಕ್ಸಿಜನ್ ಜನರೇಟರುಗಳು. ವಿಮಾನದೊಳಗೆ ಗಾಳಿಯ ಒತ್ತಡ ಕುಸಿದಾಗ ಪ್ರಯಾಣಿಕರ ತಲೆಯ ಮೇಲಿಂದ ಮುಖವಾಡ ಇಳಿಯುತ್ತದಲ್ಲ, ಅದಕ್ಕೆ ಆಮ್ಲಜನಕ ಕೊಡುವ ಕೊಳವೆಗಳು ಇವು. ಪಿನ್ನು ಬಡಿದ ಕೂಡಲೇ ಒಳಗಿನ ಸೋಡಿಯಂ ಕ್ಲೋರೇಟ್ ವಿಭಜನೆಯಾಗಿ ಆಮ್ಲಜನಕ ಬರುತ್ತದೆ, ಹೊರಗಿನ ಉಕ್ಕಿನ ಕವಚ 260 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರಕ್ಕೆ ಕಾಯುತ್ತದೆ. ಅವಧಿ ಮುಗಿದವೆಂದು ಬೇರೆ ವಿಮಾನಗಳಿಂದ ಬಿಚ್ಚಿದ್ದರು, ಆದರೆ ಹಲವು ಇನ್ನೂ ಬಳಕೆಯಾಗಿರಲಿಲ್ಲ. ಪಿನ್ನು ಅಲುಗದಂತೆ ತೊಡಿಸಬೇಕಾದ ಸುರಕ್ಷತಾ ಮುಚ್ಚಳ ತೊಡಿಸಿರಲಿಲ್ಲ. ಬಿಚ್ಚಿದವರಿಂದ ಪೆಟ್ಟಿಗೆ ಕಟ್ಟಿದವರಿಗೆ, ಅವರಿಂದ ಕಾಗದ ಬರೆದವರಿಗೆ ಮಾತು ದಾಟುವಷ್ಟರಲ್ಲಿ ಕೆಲಸಕ್ಕೆ ಬಾರದ ವಸ್ತು ಖಾಲಿ ವಸ್ತುವಾಗಿಬಿಟ್ಟಿತ್ತು. ವಿಮಾನಕ್ಕೆ ಹೇರಲು ಒಪ್ಪಿದವರ ಕಣ್ಣಿಗೆ ಬಿದ್ದದ್ದು ಆ ಒಂದು ಪದ. ಅಪಾಯಕಾರಿ ಸರಕು ಸಾಗಿಸಲು ಆ ವಿಮಾನ ಸಂಸ್ಥೆಗೆ ಅನುಮತಿಯೇ ಇರಲಿಲ್ಲ. ಸರಿಯಾದ ವಿವರ ಬರೆದಿದ್ದರೆ ಪೆಟ್ಟಿಗೆಗಳು ನೆಲ ಬಿಡುವಂತಿರಲಿಲ್ಲ. ಆ ಸರಕಿನ ಗೂಡು ಬೆಂಕಿಗೆ ಗಾಳಿ ಸಿಗದೆ ತಾನಾಗಿ ಆರುವ ಲೆಕ್ಕದಲ್ಲಿ ಕಟ್ಟಿದ್ದು. ಇಲ್ಲಿ ಬೆಂಕಿಗೆ ಬೇಕಾದ ಆಮ್ಲಜನಕವನ್ನು ಸರಕೇ ಒದಗಿಸಿತು.

ಇಂದು ಈ ಜನರೇಟರುಗಳಿಗೆ ಯುಎನ್ 3356 ಎಂಬ ತಮ್ಮದೇ ಸಂಖ್ಯೆಯಿದೆ, ವರ್ಗ 5.1. ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಒಯ್ಯುವುದಕ್ಕೆ ನಿಷೇಧವಿದೆ.

ರಸ್ತೆಯಲ್ಲೂ ಇದೇ ಎಚ್ಚರ ಬೇಕು. ಪೆಟ್ರೋಲ್ ಇಳಿಸಿ ಹಿಂದಿರುಗುವ ಟ್ಯಾಂಕರನ್ನು ಎಲ್ಲರೂ ಖಾಲಿ ಗಾಡಿ ಎನ್ನುತ್ತಾರೆ. ಒಳಗೆ ಉಳಿದಿರುವುದು ಗಾಳಿಯೊಡನೆ ಬೆರೆತ ಪೆಟ್ರೋಲಿನ ಆವಿ, ತುಂಬಿದ ಟ್ಯಾಂಕರಿಗಿಂತ ಅದೇ ಸುಲಭಕ್ಕೆ ಸಿಡಿಯಬಲ್ಲದು. ಆದ್ದರಿಂದ ತೊಳೆದು ಆವಿ ಹೊರಹಾಕುವವರೆಗೆ ಕಾನೂನಿನ ಕಣ್ಣಿನಲ್ಲಿ ಅದು ತುಂಬಿದ ಗಾಡಿಯೇ. ಕಾಗದ ಬೇಕು, ಗಾಡಿಯ ನಾಲ್ಕೂ ಬದಿಗೆ ಅಪಾಯ ಸೂಚಿಸುವ ಫಲಕ ಬೇಕು, ಉಳಿಕೆ ಇದೆ, ಕೊನೆಗೆ ತುಂಬಿದ್ದದ್ದು ಇಂಥದು ಎಂಬ ಅರ್ಥದ ಮಾತನ್ನು ವಿವರದೊಡನೆ ಬರೆಯುವ ಪದ್ಧತಿಯೂ ಇದೆ.

ಫೋನ್ ಎತ್ತುವವರು ಯಾರು

ಸರಕಿನ ವಿವರದಷ್ಟೇ ಮುಖ್ಯವಾದ ಇನ್ನೊಂದು ಸಾಲು ತುರ್ತು ದೂರವಾಣಿ ಸಂಖ್ಯೆ. ಸರಕು ದಾರಿಯಲ್ಲಿರುವಷ್ಟು ಹೊತ್ತೂ, ನಡುವೆ ಎಲ್ಲಾದರೂ ಇಳಿಸಿಟ್ಟಿದ್ದರೆ ಆಗಲೂ, ಆ ಫೋನಿನ ಬಳಿ ಮನುಷ್ಯರು ಇರಬೇಕು. ಸಂದೇಶ ಬಿಡಿ, ಆಮೇಲೆ ಕರೆ ಮಾಡುತ್ತೇವೆ ಎನ್ನುವ ಯಂತ್ರ ನಡೆಯದು. ಎತ್ತಿದವರಿಗೆ ಆ ವಸ್ತುವಿನ ಬಗ್ಗೆ ಗೊತ್ತಿರಬೇಕು, ಇಲ್ಲವೇ ಗೊತ್ತಿರುವವರನ್ನು ತಕ್ಷಣ ಸಂಪರ್ಕಕ್ಕೆ ತರುವ ಸಾಮರ್ಥ್ಯವಿರಬೇಕು. ಕಚೇರಿಯ ಹಗಲು ಹೊತ್ತಿನ ನಂಬರ್ ಹಾಕಿ ರಾತ್ರಿ ಟ್ರಕ್ ಬಿಡುವುದು ಕಾನೂನಿನ ಉಲ್ಲಂಘನೆ.

ಎಲ್ಲ ಕಂಪನಿಗಳಿಗೂ ಇಡೀ ದಿನ ಜನರನ್ನು ಕೂರಿಸುವ ಶಕ್ತಿ ಇರುವುದಿಲ್ಲ. ಅದಕ್ಕೇ ಈ ಸೇವೆ ಕೊಡುವ ಸಂಸ್ಥೆಗಳಿವೆ. 1971ರಲ್ಲಿ ರಾಸಾಯನಿಕ ತಯಾರಕರ ಒಕ್ಕೂಟ ಶುರುಮಾಡಿದ ಕೆಮ್‌ಟ್ರೆಕ್ ಅವುಗಳಲ್ಲಿ ಹೆಸರಾದದ್ದು. ಅಂಥವರ ನಂಬರ್ ಹಾಕುವುದಾದರೆ ಅವರಲ್ಲಿ ಯಾರ ಹೆಸರಲ್ಲಿ ಅಥವಾ ಯಾವ ಒಪ್ಪಂದ ಸಂಖ್ಯೆಯಲ್ಲಿ ನೋಂದಣಿಯಾಗಿದೆ ಎಂಬುದೂ ಕಾಗದದಲ್ಲಿ ಕಾಣಬೇಕು. ಇಲ್ಲದಿದ್ದರೆ ಕರೆ ತಲುಪುತ್ತದೆ, ಯಾರ ಸರಕೆಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.

ಫೋನ್ ಸಿಗದಿದ್ದರೂ ಕೈಯಲ್ಲಿ ಏನಾದರೂ ಇರಲಿ ಎಂದು ತುರ್ತು ಕ್ರಮಗಳ ಬರಹವೂ ಜೊತೆಗಿರಬೇಕು: ಆರೋಗ್ಯಕ್ಕೆ ಏನಪಾಯ, ಬೆಂಕಿ ಅಥವಾ ಸ್ಫೋಟದ ಸಾಧ್ಯತೆ, ತಕ್ಷಣದ ಮುನ್ನೆಚ್ಚರಿಕೆ, ಬೆಂಕಿ ಬಿದ್ದರೆ ಮತ್ತು ಸೋರಿದರೆ ಏನು ಮಾಡಬೇಕು, ಪ್ರಥಮ ಚಿಕಿತ್ಸೆ. ಮೇಲೆ ಹೇಳಿದ ಕೈಪಿಡಿಯನ್ನೋ, ಅದರ ತಕ್ಕ ಪುಟವನ್ನೋ ಇಟ್ಟುಕೊಂಡರೂ ಸಾಕು.

ಕೊನೆಗೆ ರವಾನೆದಾರರ ಘೋಷಣೆ, ಸಹಿಯೊಂದಿಗೆ: ಸರಕನ್ನು ಸರಿಯಾಗಿ ವಿವರಿಸಿದ್ದೇವೆ, ವರ್ಗೀಕರಿಸಿದ್ದೇವೆ, ನಿಯಮದಂತೆ ಪ್ಯಾಕ್ ಮಾಡಿ ಗುರುತು, ಲೇಬಲ್ ಹಚ್ಚಿದ್ದೇವೆ, ಸಾಗಣೆಗೆ ತಕ್ಕ ಸ್ಥಿತಿಯಲ್ಲಿದೆ ಎಂದು. ತಮ್ಮದೇ ವಾಹನದಲ್ಲಿ ತಮ್ಮದೇ ಸರಕು ಒಯ್ಯುವವರಿಗೆ ಸಾಮಾನ್ಯವಾಗಿ ಇದು ಬೇಕಿಲ್ಲ. ಸಾಗಣೆ ಸಂಸ್ಥೆಯವರು ರವಾನೆದಾರರ ಮಾತನ್ನು ನಂಬಿ ಸರಕು ಹೇರಬಹುದು. ಆದರೆ ಕಣ್ಣಿಗೆ ಹೊಡೆಯುವ ತಪ್ಪು ಕಂಡೂ ಕಾಣದವರಂತೆ ಹೊರಟರೆ ಹೊಣೆ ಅವರ ಮೇಲೂ ಬೀಳುತ್ತದೆ.

ಬಾಗಿಲ ಜೇಬು

ಇಷ್ಟೆಲ್ಲ ಸರಿಯಾಗಿ ಬರೆದ ಹಾಳೆ ಸೀಟಿನ ಹಿಂದಿನ ಚೀಲದೊಳಗೆ ಹೂತುಹೋದರೆ ಪ್ರಯೋಜನವಿಲ್ಲ. ಟ್ರಕ್ಕಿನ ಮಟ್ಟಿಗೆ ನಿಯಮ ಇಷ್ಟು ಖಚಿತ: ಚಾಲಕ ಸೀಟ್ ಬೆಲ್ಟ್ ಕಟ್ಟಿಕೊಂಡು ಕೂತಿದ್ದಾಗ ಕಾಗದ ಕೈಗೆಟುಕುವಂತಿರಬೇಕು. ಕ್ಯಾಬಿನ್ನಿಗೆ ಹತ್ತಿದವರಿಗೆ ಎದ್ದು ಕಾಣುವಂತೆ ಇಡಬೇಕು, ಇಲ್ಲವೇ ಚಾಲಕನ ಬದಿಯ ಬಾಗಿಲ ಒಳಮೈಗೆ ಜೋಡಿಸಿದ ಜೇಬಿನಲ್ಲಿಡಬೇಕು. ಚಾಲಕ ಇಳಿದು ಹೋದಾಗ ಅದೇ ಜೇಬಿನಲ್ಲೋ ಚಾಲಕನ ಸೀಟಿನ ಮೇಲೋ ಬಿಟ್ಟು ಹೋಗಬೇಕು. ಬೇರೆ ಬಿಲ್ಲು, ರಸೀದಿಗಳ ಕಂತೆಯಲ್ಲಿದ್ದರೆ ಎಲ್ಲಕ್ಕಿಂತ ಮೇಲೆ ಇರಬೇಕು, ಇಲ್ಲವೇ ಅಂಚಿಗೆ ಎದ್ದು ಕಾಣುವ ಪಟ್ಟಿ ಹಚ್ಚಿರಬೇಕು. ಅಪರಿಚಿತ ಕ್ಯಾಬಿನ್ನಿಗೆ ಉಸಿರು ಬಿಗಿಹಿಡಿದು ಕೈಹಾಕುವವರಿಗೆ ಎಲ್ಲಿ ತಡಕಬೇಕೆಂದು ಮೊದಲೇ ಗೊತ್ತಿರಲಿ ಎಂಬುದು ಉದ್ದೇಶ. ಇಡೀ ನಿಯಮಾವಳಿಯಲ್ಲಿ ನನಗೆ ಅತಿ ಹೆಚ್ಚು ಮೆಚ್ಚುಗೆಯಾದ ಭಾಗ ಇದು.

ವಿಮಾನ, ಹಡಗುಗಳಲ್ಲಿ ರೂಪ ಬದಲಾಗುತ್ತದೆ. ರಸ್ತೆಗೆ ಇಂಥದೇ ನಮೂನೆ ಎಂದಿಲ್ಲ, ಸರಕು ಒಪ್ಪಿಸುವಾಗ ಬರೆಯುವ ಸಾಮಾನ್ಯ ರಸೀದಿಯಾದ ಬಿಲ್ ಆಫ್ ಲೇಡಿಂಗ್‌ನಲ್ಲೇ ವಿವರ ಸೇರಿಸಿದರೆ ಸಾಕು. ವಿಮಾನಕ್ಕೆ ಇಕ್ಕೆಲಗಳಲ್ಲಿ ಕೆಂಪು ಓರೆಗೆರೆಯ ಅಂಚಿರುವ ಪ್ರತ್ಯೇಕ ಘೋಷಣಾಪತ್ರ ಬಳಕೆಯಲ್ಲಿದೆ. ಯಾವ ಅಪಾಯಕಾರಿ ಸರಕು ಎಲ್ಲಿ ಹೇರಿದೆ ಎಂಬುದನ್ನು ಹಾರುವ ಮುನ್ನ ಕ್ಯಾಪ್ಟನ್‌ಗೆ ಬರಹದಲ್ಲಿ ಕೊಡಬೇಕು. ಹಡಗಿನಲ್ಲಿ ಎಲ್ಲ ಅಪಾಯಕಾರಿ ಸರಕಿನ ಪಟ್ಟಿಯನ್ನು, ಹಡಗಿನ ಯಾವ ಭಾಗದಲ್ಲಿದೆ ಎಂಬುದರ ಸಮೇತ, ಕ್ಯಾಪ್ಟನ್ ನಿಲ್ಲುವ ಬ್ರಿಜ್‌ನಲ್ಲೋ ಅದರ ಹತ್ತಿರವೋ ಇಡಬೇಕು. ಅಪಾಯಕಾರಿ ತ್ಯಾಜ್ಯಕ್ಕೆ ಪರಿಸರ ಸಂರಕ್ಷಣಾ ಸಂಸ್ಥೆಯ ಪ್ರತ್ಯೇಕ ಮ್ಯಾನಿಫೆಸ್ಟ್ (ಸಾಗಣೆ ಪತ್ರ) ಇದೆ, 2018ರಿಂದ ಅದನ್ನು ವಿದ್ಯುನ್ಮಾನ ರೂಪದಲ್ಲೂ ತುಂಬಬಹುದು.

ಸಣ್ಣ ಪ್ರಮಾಣಕ್ಕೆ ರಿಯಾಯಿತಿಗಳೂ ಇವೆ. ಸೀಮಿತ ಪ್ರಮಾಣ ಎಂಬ ಗುರುತಿನ ಚಿಕ್ಕ ಪ್ಯಾಕೇಜುಗಳಿಗೆ ರಸ್ತೆ ಸಾಗಣೆಯಲ್ಲಿ ಬಹುಪಾಲು ಈ ಕಾಗದ ಬೇಡ. ವೆಲ್ಡಿಂಗ್, ಬಣ್ಣದ ಕೆಲಸದವರು ತಮ್ಮ ಕಸುಬಿಗೆಂದೇ ಒಯ್ಯುವ ಸಿಲಿಂಡರು, ಡಬ್ಬಗಳಿಗೂ ಒಟ್ಟು 200 ಕೆ.ಜಿ.ಯ ಮಿತಿಯೊಳಗೆ ವಿನಾಯಿತಿಯಿದೆ. ಸರಕು ತಲುಪಿದ ಮೇಲೂ ಕಾಗದ ಎಸೆಯುವಂತಿಲ್ಲ: ರವಾನೆದಾರರು ಎರಡು ವರ್ಷ, ಸಾಗಣೆ ಸಂಸ್ಥೆ ಒಂದು ವರ್ಷ, ತ್ಯಾಜ್ಯವಾದರೆ ಮೂರು ವರ್ಷ ಪ್ರತಿ ಉಳಿಸಿಕೊಳ್ಳಬೇಕು.

ರೈಲಿನ ಕಾಗದ ಹೊರಗೆ ತಲುಪುವುದು

ರೈಲಿನ ತೊಡಕು ಬೇರೆಯೇ. ನೂರಾರು ಬೋಗಿಗಳಿರುವ ರೈಲಿನಲ್ಲಿ ಯಾವ ಬೋಗಿಯಲ್ಲಿ ಏನಿದೆ ಎಂಬ ಪಟ್ಟಿ ಇರುವುದು ತುಂಬ ಮುಂದಿರುವ ಎಂಜಿನ್ನಿನಲ್ಲಿ, ಸಿಬ್ಬಂದಿಯ ಬಳಿ. ನಡುವಿನ ಬೋಗಿಗಳು ಹಳಿ ತಪ್ಪಿದರೆ ಬೆಂಕಿಯ ಬಳಿ ಇರುವವರಿಗೂ ಪಟ್ಟಿಗೂ ನಡುವೆ ಕಿಲೋಮೀಟರುಗಳ ಅಂತರ ಬೀಳಬಹುದು. 2023ರ ಫೆಬ್ರುವರಿ 3ರ ರಾತ್ರಿ ಒಹಾಯೊ ರಾಜ್ಯದ ಈಸ್ಟ್ ಪ್ಯಾಲೆಸ್ಟೈನ್‌ನಲ್ಲಿ 38 ಬೋಗಿಗಳು ಹಳಿ ತಪ್ಪಿದಾಗ ಅವುಗಳಲ್ಲಿ 11 ಅಪಾಯಕಾರಿ ಸರಕಿನವು, ಅದರಲ್ಲೂ ಐದರಲ್ಲಿ ವಿನೈಲ್ ಕ್ಲೋರೈಡ್ ಎಂಬ ಉರಿಯುವ ಅನಿಲ. ಪಟ್ಟಿ ತಯಾರಿತ್ತು, ನಿಯಮದಂತೆ ಇರಬೇಕಾದಲ್ಲೇ ಇತ್ತು. ಬೆಂಕಿ ಆರಿಸಲು ಬಂದವರ ಕೈಗೆ ಅದು ತಡವಾಗಿ ಸಿಕ್ಕಿತು. ಆ ತಡದಿಂದಾಗಿ ಸಿಬ್ಬಂದಿಯೂ ಊರವರೂ ಅಪಾಯಕ್ಕೆ ಹೆಚ್ಚು ಒಡ್ಡಿಕೊಳ್ಳಬೇಕಾಯಿತು ಎಂದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಹೇಳಿತು.

2024ರ ಜೂನ್‌ನಲ್ಲಿ ಪಿಎಚ್‌ಎಂಎಸ್‌ಎ ಇದಕ್ಕೆ ಹೊಸ ನಿಯಮ ತಂದಿತು. ರೈಲು ಸಂಸ್ಥೆಗಳು ಬೋಗಿವಾರು ಪಟ್ಟಿಯನ್ನು ವಿದ್ಯುನ್ಮಾನ ರೂಪದಲ್ಲಿ ರೈಲಿನ ಹೊರಗೂ ಇಟ್ಟಿರಬೇಕು, ಬೋಗಿ ಸೇರಿದಾಗ ಕಳಚಿದಾಗ ತಿದ್ದುತ್ತಿರಬೇಕು, ಅವಘಡವಾದ ಕೂಡಲೇ ಆ ಪ್ರದೇಶದ ತುರ್ತು ಸೇವೆಗಳಿಗೆ ತಾವಾಗಿ ಮುಂದೆ ಬಂದು ಕೊಡಬೇಕು. ಎಂಜಿನ್ನಿನಲ್ಲಿ ಸಿಬ್ಬಂದಿಯ ಬಳಿಯ ಮುದ್ರಿತ ಪ್ರತಿಯನ್ನು ಅದು ತೆಗೆದುಹಾಕಲಿಲ್ಲ. ಮೊಬೈಲ್ ಸಿಗ್ನಲ್ ಇಲ್ಲದ ಕಣಿವೆಗಳಲ್ಲೂ ರೈಲು ಹಳಿ ತಪ್ಪಬಹುದು.